ಹನ್ನೊಂದು ಸೆಕೆಂಡು

ಬೆಳಗಿನ ಜಾವ ನಾಲ್ಕಕ್ಕೆ ಮೀನು ವಿಂಗಡಿಸುವವಳು ನಾನು,
ಹಾನ್ಸ್ಟ್‌ಹೋಲ್ಮ್ ಬಂದರಿನ ಹರಾಜುಕಟ್ಟೆಯಲ್ಲಿ.
ಕಿವಿರು ಎತ್ತಿ ನೋಡುತ್ತೇನೆ, ಕಣ್ಣು ನೋಡುತ್ತೇನೆ,
ಹೆಬ್ಬೆರಳು ಒತ್ತಿ ಬಿಟ್ಟರೆ
ಕುಳಿ ಉಳಿಯಬಾರದು, ಅಷ್ಟೆ.
ಒಂದನೆಯ ದರ್ಜೆ, ಎರಡನೆಯದು, ಬೆಕ್ಕಿಗೆ.
ಹದಿನಾಲ್ಕು ವರ್ಷದಲ್ಲಿ ಕೈ ತಪ್ಪಿದ್ದು ಕಡಿಮೆ.

ರಾತ್ರಿ, ಅಡುಗೆಮನೆಯ ಮೇಜಿನ ಮೇಲೆ
ಗಂಡಸರು.
ತ್ಯೂರಾ ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸುತ್ತಾಳೆ.
ಬ್ಯಾಂಕಿನವರು ಇಟ್ಟ ಸುಳ್ಳುಹೆಸರು ಉಂಟು,
ಮೂರು ವರ್ಷದವನಿದ್ದಾಗಿನ ಫೋಟೊ, ಕೈಬರಹ,
ಬೂಟಿನ ಅಳತೆ,
ಅಮ್ಮನ ಅಪ್ಪ ಯಾವುದರಿಂದ ಸತ್ತ ಎಂಬುದೂ ಉಂಟು.
ಒತ್ತಿ ನೋಡಲು ಮೈ ಮಾತ್ರ ಇಲ್ಲ.

ಒಬ್ಬ ಎರಡು ಮೀಟರಿಗೆ ಮೂರು ಬೆರಳು ಕಡಿಮೆ, ಚೆಲ್ಲೊ ನುಡಿಸುತ್ತಾನೆ.
ಒಬ್ಬನಿಗೆ ಕಡಲೆಕಾಯಿ ಆಗದು.
ಒಬ್ಬ, ತನ್ನ ದೊಡ್ಡ ಗುಣ ವಿನಯ ಎಂದು
ನಾಲ್ಕು ಪುಟ ಬರೆದಿದ್ದಾನೆ.
ನಕ್ಕೂ ನಕ್ಕೂ ತ್ಯೂರಾಳ ಚಹಾ ಚೆಲ್ಲಿತು.

ನೂಲಿನ ಹಾಗೆ ಸ್ವೆಟರು, ನೋಡಿ ಆರಿಸಿ,
ಅಂದಿದ್ದಳು ಉಣ್ಣೆ ಮಾರುವ ನನ್ನ ಅಮ್ಮ.
ಮೊಣಕೈ ಹರಿದಾಗ ಕೂತು ಹೆಣೆಯುವವರ ಬಗ್ಗೆ
ಅವಳೇನೂ ಅನ್ನಲಿಲ್ಲ,
ಆ ಕೆಲಸ ಜೀವಮಾನವಿಡೀ ಅವಳದೇ ಆಗಿತ್ತು.

ಆಮೇಲೆ ತ್ಯೂರಾ ಸುಮ್ಮನೆ ಜರಡಿ ಬದಲಿಸಿದಳು.
ಕಣ್ಣು: ಬೂದು. ಕೂದಲು: ಕೆಂಚು.
ಎತ್ತರ: ನೂರ ಎಪ್ಪತ್ತೊಂದು.
"ಯಾರಿದು?" ಅಂದೆ.
"ನೀನು," ಅಂದಳು.

ಜರಡಿಯಾದೆ ನಾನು.
ನನ್ನ ಬೂದು ಕಣ್ಣುಗಳಿಂದ ಸೋರಿಹೋದರು
ಸಾವಿರದ ಚಿಲ್ಲರೆ ಗಂಡಸರು.
ಉಳಿದವರು ಏಳು.

ಬೇಡ, ಅಂದೆ. ನಲವತ್ತಕ್ಕೇ ಮಂದವಾಗುವ ನಮ್ಮ ಮನೆಯ ಕಿವಿ,
ದುಡ್ಡು ಕೊಟ್ಟು ಯಾಕೆ ತರಿಸಬೇಕು?
"ಅದು ನಿನ್ನ ಕಿವಿಯಲ್ಲ ಕಣೇ," ಅಂದಳು,
"ನಿನ್ನ ಕಿವಿಯ ಹಾಗೆ ಕಾಣುವ ಕಿವಿ."

ಅದೇ ನನ್ನ ಭಯ ಎಂದು ಹೇಳಲಾಗಲಿಲ್ಲ.
ಹದಿನೆಂಟು ತುಂಬಿದ ದಿನ ಕಾನೂನು ಹೆಸರು ಕೊಡುತ್ತದೆ.
ಬಾಗಿಲಲ್ಲಿ ನಿಲ್ಲುತ್ತಾನೆ ಒಬ್ಬ,
ಕೆಂಚು ಕೂದಲು ಸ್ವಲ್ಪ ನರೆತು,
ಮಗು ಅವನನ್ನೊಮ್ಮೆ ನೋಡಿ ನನ್ನನ್ನೊಮ್ಮೆ ನೋಡಿ
ಅಸಲು ಯಾವುದು, ನಕಲು ಯಾವುದು
ಒಂದೇ ಏಟಿಗೆ ತಿಳಿದುಕೊಳ್ಳುತ್ತದೆ.

ನಾಲ್ಕನೆಯವನ ದನಿ ಹಾಕಿದಳು.
ಹುಟ್ಟುವ ಮಗುವಿಗೆ ಏನು ಹೇಳುತ್ತೀರಿ?
ಕೇಳುತ್ತಾಳೆ ಯಾರೋ ಹೆಂಗಸು.
ಮೌನ.
ಕುರ್ಚಿ ಕಿರುಗುಟ್ಟುತ್ತದೆ.
ಹೊರಗೆಲ್ಲೋ ಲಾರಿಯೊಂದು ಹಿಂದಕ್ಕೆ ಬರುತ್ತಿದೆ, ಪೀಂ ಪೀಂ.
ಒಲೆಯ ಗಡಿಯಾರದಲ್ಲಿ ಎಣಿಸಿದೆ, ಹನ್ನೊಂದು ಸೆಕೆಂಡು.
"ಗೊತ್ತಿಲ್ಲ," ಅನ್ನುತ್ತಾನೆ.
"ನನಗೆ ಯಾವತ್ತೂ ಸರಿಯಾಗಿ ನಿದ್ದೆ ಬರಲ್ಲ.
ಅದಕ್ಕೆ ಬರಲಿ."

ಇನ್ನೊಮ್ಮೆ ಹಾಕು, ಅಂದೆ.
ಹೆಬ್ಬೆರಳು ಒತ್ತಿ ಬಿಟ್ಟ ಹಾಗಿತ್ತು.
ಕುಳಿ ಉಳಿಯಲಿಲ್ಲ.

ಅವನು ತುಂಬಿದ್ದು ಇಪ್ಪತ್ತೆಂಟು ಪುಟ.
ಕ್ಲಿನಿಕ್ಕಿನವರು ನನಗೆ ಕೊಟ್ಟದ್ದು ಒಂದು ಹಾಳೆ.
ಸಹತಾಯಿ ಎಂಬ ಪದ, ಅದರ ಮುಂದೆ ಚುಕ್ಕೆಗಳ ಸಾಲು,
ಸಹಿ, ತಾರೀಕು.
ಅಜ್ಜ ಯಾವುದರಿಂದ ಸತ್ತ ಎಂದು ಕೇಳಲಿಲ್ಲ.
ಮುಳುಗಿ ಸತ್ತ, ಹೇಳುತ್ತಿದ್ದೆ,
ಈಜು ಬರುತ್ತಿತ್ತು.
ಬೂಟಿನ ಅಳತೆಯನ್ನೂ ಕೇಳಲಿಲ್ಲ.

ಮೂವತ್ತೊಂಬತ್ತು.
ಅದನ್ನೇ ಮೆಟ್ಟಿ ನಿಂತಿದ್ದೇನೆ ಈಗ
ಮಂಜುಗಡ್ಡೆಯ ಪೆಟ್ಟಿಗೆಗಳ ನಡುವೆ,
ಕೈಯಲ್ಲೊಂದು ಟೋರ್ಸ್ಕ್ ಮೀನು ಬಾಯಿ ತೆರೆದಿದೆ.
ಹುಟ್ಟುವ ಮಗುವಿಗೆ ಏನು ಹೇಳುತ್ತೀರಿ?
ಒಂದು. ಎರಡು. ಮೂರು.
ಬಾಯಿಂದ ಆವಿ ಬಂತು, ಮಾತಲ್ಲ.
ಏಳಕ್ಕೆ ಬಂದಿದ್ದೆ, ಆ ಕಡೆಯಿಂದ ಪ್ರೇಬೆನ್ ಕೂಗಿದ,
"ಏನದು, ಒಂದನೆಯದೋ ಎರಡನೆಯದೋ?"

ತಡಿ, ಅಂದೆ.
ನೋಡ್ತಾ ಇದೀನಿ.